ಹಾಲ್ವರ್‌ನ ಗ್ಯಾರೇಜಿನ ಗೋಡೆ

ಹಾಮಾರ್ ಊರಿನ ಆ ಸಾಲುಮನೆಗಳಲ್ಲಿ ಹಾಲ್ವರ್‌ನಂಥ ಸಾಧುಪ್ರಾಣಿ ಇನ್ನೊಬ್ಬನಿರಲಿಲ್ಲ. ಯಾರು ಏನಂದರೂ ನಗುತ್ತ ತಲೆಯಾಡಿಸುವವನು. ನುಂಗಿಕೊಂಡದ್ದನ್ನೆಲ್ಲ ಸಂಜೆ ಬೀದಿ ಖಾಲಿಯಾದ ಮೇಲೆ ಗ್ಯಾರೇಜಿನ ತಗಡಿನ ಬಾಗಿಲೆಳೆದುಕೊಂಡು, ಒಬ್ಬೊಬ್ಬರ ಹೆಸರು ಹಿಡಿದು ಕಕ್ಕಿಬಿಡುತ್ತಿದ್ದ. ಹಾಗಾಗಿಯೇ ಬೀದಿಯಲ್ಲಿ ಅವನಿಗೆ ಅಷ್ಟು ಒಳ್ಳೆಯ ಹೆಸರಿತ್ತು.

ಆ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ತೂರುನ್ ಬೇಲಿಯಾಚೆಯಿಂದ, "ನಾವು ಮಲಗೋ ಕೋಣೆ ಬದಲಾಯಿಸಿದ್ವಿ. ಈಗ ನಿಮ್ಮ ಗ್ಯಾರೇಜಿನ ಗೋಡೆಗೇ ನಮ್ಮ ಮಂಚ. ಸಂಜೆ ನಿಮ್ಮ ದನಿ ಕೇಳ್ತಿರತ್ತೆ," ಎಂದಳು.

ಹಾಲ್ವರ್‌ನ ಕಿವಿ ಬಿಸಿಯಾಯಿತು. ಮೊನ್ನೆ ಅವಳ ಗಂಡನ ಗೊರಕೆ, ಸಾಲ, ಬೋಳುತಲೆ ಯಾವುದನ್ನೂ ಬಿಟ್ಟಿರಲಿಲ್ಲ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನು ಕೇಳಿಸಿತು ಎಂದು ವಿಚಾರಿಸುವಷ್ಟು ಎದೆಗಾರಿಕೆ ಇರಲಿಲ್ಲ. ನೇರವಾಗಿ ಅಂಗಡಿಗೆ ಓಡಿ, ಸದ್ದು ತಡೆಯುವ ಉಣ್ಣೆಯ ಸುರುಳಿ, ಜಿಪ್ಸಮ್ ಹಲಗೆ ತಂದ.

ಅಂದು ಬೀದಿಯವರೆಲ್ಲ ಸೇರಿ ವಸಂತದ ಶ್ರಮದಾನ ಮಾಡುವ ದಿನ. ಅದನ್ನು ತಪ್ಪಿಸಿಕೊಳ್ಳುವುದೆಂದರೆ ಅಲ್ಲಿ ಮರ್ಯಾದೆ ಬಿಟ್ಟ ಹಾಗೆ. ಆದ್ದರಿಂದ ಗ್ಯಾರೇಜಿನ ಗೋಡೆಯಿಂದ ಥಂಡಿ ಬರುತ್ತಿದೆ, ಅದನ್ನು ಸರಿಪಡಿಸಬೇಕು ಎಂದು ಹಾಲ್ವರ್ ಬೀದಿಯವರಿಗೆ ಸುಳ್ಳು ಹೇಳಿದ. ಬೀದಿಯ ಸಂಘದ ಅಧ್ಯಕ್ಷ ಸ್ವೆರ್ರೆ ಬಂದು ಹಲಗೆ ಒಂದು ಪದರ ಸಾಲದು ಎಂದು ಹಾಕಿದ್ದನ್ನು ಬಿಚ್ಚಿಸಿದ. ಎದುರುಮನೆಯ ರಾಗ್ನಾ ತನ್ನ ಹಳೆಯ ಹಾಸಿಗೆಯನ್ನೂ ಒಳಗೆ ತುರುಕಿಸಿದಳು. ಅವನು ಎಲ್ಲಕ್ಕೂ ತಲೆಯಾಡಿಸಿದ.

ಅವರಿಬ್ಬರೂ ಕಸ ಗುಡಿಸಲು ಹೋದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಗೋಡೆ ಸಿದ್ಧವಾಯಿತು. ಇದು ಸದ್ದು ತಡೆಯಲೆಂದು ತೂರುನ್‌ಗೆ ಮಾತ್ರ ಹೇಳಿದ್ದರಿಂದ, ಪರೀಕ್ಷೆಗೆ ಅವಳನ್ನೇ ಅವಳ ಮಂಚದ ಮೇಲೆ ಕೂರಿಸಿದ್ದಾಯಿತು. "ಒಂದು ಎರಡು ಎಣಿಸಿದ್ರೆ ಗೊತ್ತಾಗಲ್ಲ. ದಿನಾ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ," ಎಂದು ಅವಳೇ ಹೇಳಿಕಳಿಸಿದ್ದಳು.

ಬಾಗಿಲೆಳೆದುಕೊಂಡು ಹಾಲ್ವರ್ ಮೊದಲು ಹವಾಮಾನದ ಬಗ್ಗೆ ಮಾತಾಡಿ ನೋಡಿದ. ದನಿಯೇ ಏಳಲಿಲ್ಲ. ವಿಧಿಯಿಲ್ಲದೆ ಹಳೆಯ ದಾರಿಗೇ ಬಂದ.

"ಸ್ವೆರ್ರೆ, ನೀನು ಹುಟ್ಟುವಾಗಲೇ ಅಧ್ಯಕ್ಷನಾ? ನಿನ್ನ ಬುದ್ಧಿವಾದ ಕೇಳಿ ಕೇಳಿ ಕಿವಿ ತೂತಾಗಿದೆ. ರಾಗ್ನಾ, ನಿನ್ನ ಕೇಕು ಜೋಡಿಸಿ ಮನೆ ಕಟ್ಟಬಹುದು ಕಣೆ. ತಿನ್ನೋಕಂತೂ ಆಗಲ್ಲ."

ಗಂಟಲು ಬಿಚ್ಚಿಕೊಂಡಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡಲಿಲ್ಲ. ಫೋನು ಬಡಿದುಕೊಂಡಿತು. "ಒಂದಕ್ಷರ ಕೇಳಿಸ್ಲಿಲ್ಲ, ಅಲ್ಲಿಗೇ ಬರ್ತೀನಿ," ಎಂದಳು ತೂರುನ್. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಹಾಲ್ವರ್ ಬಾಗಿಲೆತ್ತಿದ.

ಹೊರಗೆ ಇಡೀ ಬೀದಿಯೇ ನಿಂತಿತ್ತು. ಕಸ ಗುಡಿಸಿ ಮುಗಿಸಿದವರು ಅವನ ಗೋಡೆಗೂ ಒಂದು ಕೈ ಹಾಕೋಣವೆಂದು ಬಂದಿದ್ದರು. ಸ್ವೆರ್ರೆಯ ಹೆಗಲ ಮೇಲೆ ಹಲಗೆ, ರಾಗ್ನಾಳ ಕೈಯಲ್ಲಿ ಕೇಕಿನ ತಟ್ಟೆ. ಗೋಡೆ ತಡೆದ ದನಿಯೆಲ್ಲ ತಗಡಿನ ಬಾಗಿಲಿನಿಂದ ಹೊರಬಿದ್ದಿತ್ತು. ಯಾರೂ ಬೈಯಲಿಲ್ಲ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಹಾಲ್ವರ್‌ಗೆ ತಲೆಯೆತ್ತಲಾಗಲಿಲ್ಲ.

ಅಷ್ಟರಲ್ಲಿ ಏನೂ ತಿಳಿಯದ ತೂರುನ್ ಓಡುತ್ತ ಬಂದಳು. "ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ? ಮೊದಲೂ ಬರೀ ಗುಂಯ್ ಅಂತಿತ್ತು, ಮಾತೇನೂ ತಿಳೀತಿರ್ಲಿಲ್ಲ. ಹಾಲ್ವರ್ ದಿನಾ ಸಂಜೆ ಪ್ರಾರ್ಥನೆ ಮಾಡ್ತಾರೆ ಅಂತ ಇವರಿಗೆಲ್ಲ ಹೇಳಿದ್ದೆ."

"ಹೌದು, ಮಾಡ್ತಾರೆ," ಎಂದಳು ರಾಗ್ನಾ, ಕೇಕಿನ ತಟ್ಟೆಯೊಂದಿಗೆ ತನ್ನ ಮನೆಯ ಕಡೆ ತಿರುಗುತ್ತ. "ನಮ್ಮೆಲ್ಲರ ಹೆಸರು ಹಿಡಿದೇ ಮಾಡ್ತಾರೆ."