ಬಡಗಿಯ ಮನೆಗೆ ಬಾಗಿಲು ಬಂದದ್ದು

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಏಳು ಸಮುದ್ರದಾಚೆ ಒಂದು ದೊಡ್ಡ ದೇಶ ಇತ್ತು. ಕತೆ ಕೇಳುವ ಮಕ್ಕಳಾದರೆ ಇಲ್ಲೇ ಬಾಯಿ ಹಾಕುತ್ತಾರೆ: ಬಡಗಿಗೂ ದೊಡ್ಡ ದೇಶಕ್ಕೂ ಏನು ಸಂಬಂಧ? ಬಡಗಿಯೂ ಅದನ್ನೇ ಕೇಳುತ್ತಿದ್ದ. ಉತ್ತರ ಹೇಳುವವರು ಯಾರೂ ಇರಲಿಲ್ಲ.

ದೊಡ್ಡ ದೇಶ ಹುಟ್ಟಿದ್ದೇ ಬಾಗಿಲಿನ ಸಿಟ್ಟಿನಿಂದ. ಬಹಳ ಹಿಂದೆ ಯಾವನೋ ರಾಜನ ಸಿಪಾಯಿಗಳು ಅಲ್ಲಿನವರ ಬಾಗಿಲು ಒದ್ದು ಒದ್ದು ಒಳನುಗ್ಗುತ್ತಿದ್ದರಂತೆ. ಬೇಸತ್ತ ಹಿರಿಯರು ರಾಜನನ್ನು ಓಡಿಸಿ, ಒಂದು ಕಲ್ಲಿನ ಮೇಲೆ ದೊಡ್ಡದಾಗಿ ಕೆತ್ತಿಸಿದರು: ‘ಎಲ್ಲರೂ ಸಮಾನರು. ಯಾರ ಮನೆಯ ಬಾಗಿಲು ಅವರದು. ತಟ್ಟದೆ, ಕೇಳದೆ ಯಾರೂ ಒಳಗೆ ಕಾಲಿಡಬಾರದು.’ ಮಾತು ಎಷ್ಟು ಚೆನ್ನಾಗಿತ್ತೆಂದರೆ, ಇಂಥದ್ದನ್ನು ನಾವೊಬ್ಬರೇ ಇಟ್ಟುಕೊಂಡರೆ ಸ್ವಾರ್ಥವಾದೀತು ಎಂದು ಅವರ ಮರಿಮಕ್ಕಳು ಊರೂರಿಗೆ ಹಂಚಲು ಹೊರಟರು. ಹಂಚಬೇಕಾದರೆ ಒಳಗೆ ಹೋಗಬೇಕಲ್ಲ? ಬಾಗಿಲು ಒದ್ದೇ ಹೋಗುತ್ತಿದ್ದರು.

ಹಾಗೆ ಬಡಗಿಯ ಊರಿಗೂ ಬಂದಿದ್ದರು. ಅವರದೊಂದು ಪದ್ಧತಿ. ಬಾಗಿಲು ಒದೆಯುವುದು, ಒಳಗೆಲ್ಲ ಹುಡುಕುವುದು, ಹೊರಗೆ ಬಂದು ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಒಂದು ಸೊನ್ನೆ ಬಳಿಯುವುದು. ಸೊನ್ನೆ ಇದ್ದರೆ ಆ ಮನೆಗೆ ಸ್ವಾತಂತ್ರ್ಯ ಬಂದಾಯಿತು, ಮತ್ತೆ ಒದೆಯುವಂತಿಲ್ಲ. ಸೊನ್ನೆ ಇಲ್ಲದಿದ್ದರೆ ಇನ್ನೂ ಬರಬೇಕು.

ಬೀದಿಯಲ್ಲಿ ಸೊನ್ನೆ ಇಲ್ಲದ ಮನೆ ಬಡಗಿಯದೊಂದೇ. ಯಾಕೆಂದರೆ ಅದಕ್ಕೆ ಬಾಗಿಲೇ ಇರಲಿಲ್ಲ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನು ತನ್ನ ಮನೆಗೆ ಹಳೆಯ ಕಂಬಳಿಯೊಂದನ್ನು ಇಳಿಬಿಟ್ಟಿದ್ದ. ಒದೆಯಲು ಬಂದ ಸಿಪಾಯಿ ಕಂಬಳಿಯಲ್ಲಿ ಸುತ್ತಿಕೊಂಡು ಒಳಗೆ ಉರುಳಿಬಿದ್ದು, ಸೊನ್ನೆ ಬಳಿಯಲು ಜಾಗ ಸಿಗದೆ, ಪೆಚ್ಚುಮೋರೆ ಹಾಕಿಕೊಂಡು ಎದ್ದು ಹೋಗಿದ್ದ.

“ಮದುವೆಯಾದಾಗಿಂದ ಹೇಳ್ತಾನೇ ಇದೀನಿ,” ಎಂದಳು ಹೆಂಡತಿ ಆ ದಿನ ಬೆಳಿಗ್ಗೆ. “ನಾಳೆ ನಾಳೆ ಅಂತ ಮಗಳು ಹುಟ್ಟಿದ್ಲು, ಬೆಳೆದ್ಲು, ಮದುವೆಯಾದ್ಲು. ಇವತ್ತು ಸಂಜೆ ಕೂಸನ್ನ ಎತ್ಕೊಂಡು ಬರ್ತಿದಾಳೆ. ಗಾಳಿ ನೋಡಿ, ಕೊಯ್ದ ಹಾಗೆ ಬೀಸ್ತಿದೆ. ಹಸಿ ಮಗೂನ ಈ ಕಂಬಳಿ ಹಿಂದೆ ಮಲಗಿಸ್ಲಾ?”

ಅವಳು ಜಗಳವಾಡಿದ್ದರೆ ಬಡಗಿ ಜಗಳವಾಡುತ್ತಿದ್ದ. ಆದರೆ ಅವಳ ದನಿ ಕೊನೆಯಲ್ಲಿ ಒಂಚೂರು ನಡುಗಿತು. ಅವನು ಕೂಡಲೇ ಎದ್ದು ಉಳಿ, ಸುತ್ತಿಗೆ ಎತ್ತಿಕೊಂಡ.

“ಕೂಸು ಮಲಗೋ ಹೊತ್ತಿಗೆ ಬಾಗಿಲು ಇರುತ್ತೆ ಕಣೇ. ಇಲ್ದಿದ್ರೆ ನಾನೇ ಹೊರಗೆ ಬಿದ್ಕೋತೀನಿ.”

“ಮಾತು ಕೊಟ್ರಿ, ನೋಡಿ!”

“ಕೊಟ್ಟೆ.”

ಅವನು ಜೋಪಾನವಾಗಿ ಎತ್ತಿಟ್ಟಿದ್ದ ಒಳ್ಳೆಯ ಹಲಗೆಗಳಿದ್ದವು. ಅವನ್ನು ಕೂಡಿಸಿ, ಕೀಸಿ, ಕೀಲು ಹಾಕಿ ಚೌಕಟ್ಟಿಗೆ ಕೂರಿಸಿದಾಗ ಬಿಸಿಲೇರುತ್ತಿತ್ತು. ಪಕ್ಕದ ಮನೆಯ ಕ್ಷೌರಿಕ, ಕೈಯಲ್ಲಿ ಕತ್ತರಿ ಹಿಡಿದೇ, ಗಿರಾಕಿಯ ಅರ್ಧ ತಲೆಯನ್ನು ಅಂಗಡಿಯಲ್ಲಿ ಬಿಟ್ಟು ಓಡಿಬಂದ.

“ಅಣ್ಣಾ! ಏನು ಮಾಡ್ಕೊಂಡ್ಯೋ! ಇಷ್ಟು ದಿನ ಕಂಬಳಿ ನಿನ್ನ ಕಾಪಾಡ್ತಿತ್ತು. ಈಗ ಹೊಸ ಬಾಗಿಲು, ಅದ್ರ ಮೇಲೆ ಸೊನ್ನೆ ಇಲ್ಲ. ಹುಲಿ ಮುಂದೆ ಕುರಿ ಕಟ್ಟಿದ ಹಾಗೆ!”

“ತಟ್ಟಿದ್ರೆ ನಾನೇ ತೆಗೀತೀನಪ್ಪ.”

“ತಟ್ತಾರಾ? ಅಯ್ಯೋ ನಿನ್ನ!”

ಕ್ಷೌರಿಕನ ಬಾಯಿ ಮುಚ್ಚುವ ಮೊದಲೇ ಬೀದಿಯ ತಿರುವಿನಲ್ಲಿ ಬೂಟಿನ ಸದ್ದು ಕೇಳಿತು. ಮುಂದೆ ಬರುತ್ತಿದ್ದವನು ಬಾಗಿಲು ಒದೆಯುವ ಸಿಪಾಯಿ. ಆಳು ಬೀರುವಿನಷ್ಟು ಅಗಲ, ಮುಖ ಮಾತ್ರ ನಿದ್ದೆಗೆಟ್ಟ ಮಗುವಿನದು. ಬೀದಿಯವರು ಅವನಿಗೆ ಕಾಲಪ್ಪ ಎಂದು ಹೆಸರಿಟ್ಟಿದ್ದರು. ಕಾಲಪ್ಪ ನೋಡಿದ, ಸೊನ್ನೆ ಕಾಣಲಿಲ್ಲ, ಕಾಲೆತ್ತಿದ.

ಮೊದಲ ಒದೆತಕ್ಕೆ ಬಾಗಿಲು ಅಲ್ಲಾಡಲಿಲ್ಲ. ಬಡಗಿಯ ಎದೆ ಹೆಮ್ಮೆಯಿಂದ ಉಬ್ಬಿತು. ಎರಡನೆಯದಕ್ಕೆ ಕಾಲಪ್ಪ “ಅಯ್ಯಮ್ಮಾ” ಎನ್ನುವಂಥದ್ದೇನೋ ತನ್ನ ಭಾಷೆಯಲ್ಲಿ ಅಂದ. ಮೂರನೆಯದಕ್ಕೆ ನಡುವಿನ ಹಲಗೆ ಸೀಳಿ, ಬಾಗಿಲು ಒಳಗೆ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಿಪಾಯಿಗಳು ಒಳಗೆ ಹುಡುಕಿದರು. ಸಿಕ್ಕಿದ್ದು ಒಂದು ತೊಟ್ಟಿಲು. ಹಿಂದಿನಿಂದ ಬಂದ ಕ್ಯಾಪ್ಟನ್ ಎದೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ಮಾತಾಡಿದ. ಅವನ ಪಕ್ಕದಲ್ಲಿದ್ದ ದುಭಾಷಿ ಮೊನ್ನೆ ಮೊನ್ನೆಯವರೆಗೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದವನು. ಅದೇ ರಾಗದಲ್ಲಿ ಕೂಗಿದ: “ನಿಮಗೆ ಸ್ವಾತಂತ್ರ್ಯ ಬಂದಿದೆ! ಬಾಗಿಲು ನಿಮ್ಮದೇ!”

“ಅಷ್ಟೇನಾ? ಅಷ್ಟು ಹೊತ್ತು ಮಾತಾಡಿದ್ರಲ್ಲ?” ಎಂದಳು ಹೆಂಡತಿ.

“ಉಳಿದಿದ್ದೆಲ್ಲ ಒಳ್ಳೆ ಮಾತು ಅಕ್ಕ. ಅದಕ್ಕೆ ಅರ್ಥ ಕೇಳಬೇಡಿ.”

ನೆಲಕ್ಕೆ ಬಿದ್ದ ಬಾಗಿಲ ಮೇಲೆ ಬಗ್ಗಿ ನೀಲಿ ಸೊನ್ನೆ ಬಳಿದು ಅವರು ಹೊರಟುಹೋದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸೀಳಿದ್ದು ನಡುವಿನ ಹಲಗೆ, ಸೊನ್ನೆ ಇದ್ದದ್ದೂ ಅದರ ಮೇಲೆಯೇ. ಬಡಗಿ ಬಡಗಿಯೇ ತಾನೆ? ಸೀಳಿದ ಹಲಗೆ ಕಂಡರೆ ಅವನ ಕೈ ಸುಮ್ಮನಿರದು. ಅದನ್ನು ಕಿತ್ತು, ಹೊಸ ಹಲಗೆ ಕೂಡಿಸಿ, ಅಕ್ಕಪಕ್ಕಕ್ಕೆ ಚೆಲ್ಲಿದ್ದ ಬಣ್ಣವನ್ನೂ ಕೀಸುಳಿಯಿಂದ ಹೆರೆದು, ಬಾಗಿಲನ್ನು ಕನ್ನಡಿಯ ಹಾಗೆ ಮಾಡಿ ನಿಲ್ಲಿಸಿದ. ಕ್ಷೌರಿಕ ಮತ್ತೆ ಓಡಿಬಂದು ತಲೆ ಚಚ್ಚಿಕೊಂಡ.

“ಬಂದ ಸ್ವಾತಂತ್ರ್ಯಾನ ಹೆರೆದು ಹಾಕಿದ್ಯಲ್ಲೋ ಅಣ್ಣಾ!”

ಬಡಗಿ ಕಾಲಡಿಯ ನೀಲಿ ಹೊಟ್ಟನ್ನು ನೋಡಿದ. ಅವನ ಮುಖವೂ ನೀಲಿಯಾಯಿತು.

“ಹೆದರಬೇಡ, ನಾನಿದೀನಿ,” ಎಂದ ಕ್ಷೌರಿಕ. ಅಂಗಡಿಯ ಹಲಗೆಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣ ಅವನ ಹತ್ತಿರ ಇತ್ತು. ಕಿವಿಯ ಸುತ್ತ ಕೂದಲು ತೆಗೆದು ಪಳಗಿದ ಕೈ. ಉಸಿರು ಬಿಗಿಹಿಡಿದು ಎಳೆದ ಸೊನ್ನೆ ಹುಣ್ಣಿಮೆ ಚಂದ್ರನ ಹಾಗೆ ಬಂತು.

ಅದೇ ಕೆಟ್ಟದ್ದಾಯಿತು. ಮಧ್ಯಾಹ್ನ ಅದೇ ದಾರಿಯಲ್ಲಿ ಬಂದ ಕ್ಯಾಪ್ಟನ್ ಬಾಗಿಲ ಮುಂದೆ ನಿಂತುಬಿಟ್ಟ. ದುಭಾಷಿ ಕೂಗಿದ: “ಇಷ್ಟು ದುಂಡಗೆ ಬರೆಯೋನು ನಮ್ಮ ಪಡೆಯಲ್ಲಿ ಒಬ್ಬನೂ ಇಲ್ಲವಂತೆ! ಇದು ಕಳ್ಳ ಸೊನ್ನೆಯಂತೆ!”

ಕಾಲಪ್ಪ ಬಾಗಿಲನ್ನು ಗುರುತಿಸಿದ. ದೀನನಾಗಿ ಬಡಗಿಯನ್ನು ನೋಡಿದ. ಬೇರೆ ದಾರಿ ಇರಲಿಲ್ಲ, ಒದ್ದ. ಈ ಸಲ ಬಾಗಿಲು ಬೀಳುವುದಕ್ಕೂ ಕಾಲಪ್ಪ ಬೀಳುವುದಕ್ಕೂ ಸರಿಹೋಯಿತು. ಅವನ ಪಾದ ಬೂಟಿನೊಳಗೇ ಊದಿಕೊಂಡಿತ್ತು.

ಉಳಿದವರು ಒಳಗೆ ತೊಟ್ಟಿಲನ್ನು ಮತ್ತೊಮ್ಮೆ ಪರೀಕ್ಷಿಸುತ್ತಿದ್ದಾಗ ಬಡಗಿಯ ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ತಂದಳು. “ಇಡಪ್ಪ ಕಾಲು. ನಿಮ್ಮಮ್ಮ ನೋಡಿದ್ರೆ ಏನಂದ್ಕೋತಾಳೆ. ರೀ, ನೀವು ಬಾಗಿಲನ್ನ ಇಷ್ಟು ಗಟ್ಟಿ ಮಾಡಬಾರದಿತ್ತು.”

“ಬಾಗಿಲು ಇರೋದೇ ಗಟ್ಟಿ ಇರೋಕೆ ಕಣೇ!”

ಕಾಲಪ್ಪ ನೀರಿನಲ್ಲಿ ಕಾಲಿಟ್ಟು, ಬಿದ್ದ ಬಾಗಿಲ ಕೀಲನ್ನು ಬೆರಳಿಂದ ಸವರುತ್ತ ಮೆಲ್ಲಗೆ ಏನೋ ಹೇಳಿದ. ದುಭಾಷಿ ಈ ಸಲ ಕೂಗಲಿಲ್ಲ.

“ಅವನ ಮುತ್ತಜ್ಜನ ಅಜ್ಜನೂ ಬಡಗಿಯಂತೆ. ಆ ಕಲ್ಲಿನ ಮೇಲಿನ ಮಾತು ಬರೆದ್ರಲ್ಲ, ಆ ದೊಡ್ಡವರ ಮನೆಗೆ ಬಾಗಿಲು ಮಾಡಿದ್ದು ಅವನೇ ಅಂತೆ. ದುಡ್ಡು ಕೊಟ್ಟು ಕೊಂಡು ತಂದ ಆಳಂತೆ ಅವನು. ರಾತ್ರಿ ಅವನು ಮಲಗೋ ಕೊಟ್ಟಿಗೆಗೂ ಬಾಗಿಲಿತ್ತಂತೆ. ಚಿಲಕ ಮಾತ್ರ ಹೊರಗಡೆ ಇತ್ತಂತೆ.”

ಹೆಂಡತಿ ಇನ್ನೊಂದು ಚೊಂಬು ಬಿಸಿನೀರು ಹೊಯ್ದಳು.

ಅವರು ಹೋದ ಮೇಲೆ ಬೀದಿಯ ಮೇಷ್ಟ್ರು ಬಂದರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಯಾರು ಕಂಡರೂ ಪಾಠ ಹೇಳುವವರು. ಬಡಗಿ ಹಲಗೆಗಳನ್ನು ಮೂರನೆಯ ಸಲ ಕೂಡಿಸುತ್ತಿದ್ದ. ಬಿಸಿಲು ಆಗಲೇ ಗೋಡೆ ಇಳಿಯುತ್ತಿತ್ತು.

“ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕಯ್ಯಾ,” ಎಂದರು ಮೇಷ್ಟ್ರು. “ಅವರ ಮಾತನ್ನೇ ಅವರ ಮುಂದೆ ಹಿಡಿ. ಅವರ ಲಿಪಿ ನನಗೆ ಬರುತ್ತೆ. ಸ್ವಂತ ಹಿರಿಯರ ಮಾತನ್ನ ಒದೆಯೋಕೆ ಯಾರಿಗಾದ್ರೂ ಕಾಲು ಬರುತ್ತಾ?”

ಮೇಷ್ಟ್ರು ಸೀಮೆಸುಣ್ಣದಲ್ಲಿ ಬರೆದರು. ಬಡಗಿ ಅದರ ಮೇಲೆ ಉಳಿ ಹಿಡಿದು ಕೆತ್ತಿದ. ಓದಲು ಬರದ ಆ ಅಕ್ಷರಗಳನ್ನು ಅವನು ಕೂಸಿನ ತೊಟ್ಟಿಲಿಗೆ ಹೂವು ಕೆತ್ತಿದಷ್ಟೇ ಮುದ್ದಿನಿಂದ ಕೆತ್ತಿದ. ‘ತಟ್ಟದೆ, ಕೇಳದೆ ಯಾರೂ ಒಳಗೆ ಕಾಲಿಡಬಾರದು.’ ಬಾಗಿಲು ನಿಲ್ಲಿಸಿದಾಗ ಇಡೀ ಬೀದಿಯೇ ಸೇರಿತ್ತು. ಕ್ಷೌರಿಕ ಎಲ್ಲರಿಗಿಂತ ಮುಂದೆ ನಿಂತು ಎಲ್ಲ ತನ್ನದೇ ಉಪಾಯವೆಂಬಂತೆ ವಿವರಿಸುತ್ತಿದ್ದ.

ಸಂಜೆ ಕ್ಯಾಪ್ಟನ್ ಬಂದ. ಓದಿದ. ಟೋಪಿ ತೆಗೆದ. ಇನ್ನೊಮ್ಮೆ ಓದಿದ. ಅವನ ಕಣ್ಣಲ್ಲಿ ನೀರು ತುಂಬಿತು.

“ಇದನ್ನ ಚಿಕ್ಕವನಾಗಿದ್ದಾಗ ಅವರಜ್ಜಿ ತೊಡೆ ಮೇಲೆ ಕೂರಿಸ್ಕೊಂಡು ಬಾಯಿಪಾಠ ಮಾಡಿಸಿದ್ರಂತೆ,” ಎಂದ ದುಭಾಷಿ. “ಇಷ್ಟು ದೂರ ಬಂದು ಇದನ್ನ ನೋಡಿ ಅವರ ಜನ್ಮ ಸಾರ್ಥಕ ಆಯ್ತಂತೆ.”

ಕಾಲಪ್ಪ ನಿಟ್ಟುಸಿರು ಬಿಟ್ಟು ಕುಂಟುಗಾಲನ್ನು ನೆಲಕ್ಕೂರಿದ. ಬೀದಿ ಚಪ್ಪಾಳೆ ತಟ್ಟಿತು. ಬಡಗಿ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

ಆಗ ಕ್ಯಾಪ್ಟನ್ ಕೈಸನ್ನೆ ಮಾಡಿದ. ನಾಲ್ವರು ಸಿಪಾಯಿಗಳು ಮುಂದೆ ಬಂದು, ಬಹಳ ಗೌರವದಿಂದ, ಒಂದು ಗೀರೂ ಬೀಳದ ಹಾಗೆ, ಕೀಲು ಬಿಚ್ಚಿ ಬಾಗಿಲನ್ನು ಹೆಗಲಿಗೇರಿಸಿಕೊಂಡರು.

“ಏನಿದು? ಎಲ್ಲಿಗೆ?” ಬಡಗಿ ಕೂಗಿದ.

“ಅವರ ರಾಜಧಾನಿಯ ವಸ್ತುಸಂಗ್ರಹಾಲಯಕ್ಕೆ! ನಮ್ಮ ಮಾತು ಎಲ್ಲಿವರೆಗೆ ಮುಟ್ಟಿದೆ ನೋಡಿ ಅಂತ ತೋರಿಸ್ತಾರಂತೆ!”

“ಅದರಲ್ಲಿ ಬರೆದಿರೋದನ್ನ ಓದೋಕೆ ಹೇಳಿ! ಕೇಳದೆ ಅಂತ ಇದೆ!”

“ಓದಿದ್ರಲ್ಲ, ಅತ್ತೂ ಆಯ್ತು,” ಎಂದ ದುಭಾಷಿ. “ಬೇಜಾರು ಮಾಡ್ಕೋಬೇಡಿ. ಬದಲಿಗೆ ಒಳ್ಳೆ ಬಾಗಿಲು ಕೊಡ್ತಾರಂತೆ. ಅಸಲಿ ಸೊನ್ನೆ ಇರೋದು. ಮತ್ತೆ ಯಾರೂ ಒದೆಯಲ್ಲ.”

ಗುಂಪಿನ ಹಿಂದಿನಿಂದ ಇಬ್ಬರು ಸಿಪಾಯಿಗಳು ಒಂದು ಬಾಗಿಲನ್ನು ಹೊತ್ತು ತಂದರು. ನಡುವೆ ಸೊಟ್ಟ ನೀಲಿ ಸೊನ್ನೆ.

“ಆಹಾ, ಏನು ಕೆಲಸಗಾರಿಕೆ!” ಎಂದ ಕ್ಷೌರಿಕ. “ನೋಡಿ ಕಲಿತ್ಕೋ ಅಣ್ಣಾ. ದೊಡ್ಡ ದೇಶದವರ ಬಾಗಿಲು ಅಂದ್ರೆ ಹೀಗಿರುತ್ತೆ.”

ಬಡಗಿಗೆ ಆ ಮರದ ಗಂಟು ಕಂಡ ಕೂಡಲೇ ಗೊತ್ತಾಗಿತ್ತು. ಅದು ಅವನೇ ಕ್ಷೌರಿಕನ ಮನೆಗೆ ಮಾಡಿಕೊಟ್ಟ ಬಾಗಿಲು. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಮಗಳು ಕಾಣಿಸಿದಳು, ಎದೆಗೆ ಅವಚಿಕೊಂಡ ಬಟ್ಟೆಯ ಗಂಟು, ಗಂಟಿನಿಂದ ಹೊರಗೆ ಚಾಚಿದ ಗೋಡಂಬಿಯಷ್ಟು ಸಣ್ಣ ಮುಷ್ಟಿ. ಬಡಗಿ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡು ಸ್ಕ್ರೂ ತಿರುಗಿಸತೊಡಗಿದ.

ಕ್ಷೌರಿಕನ ಕಿರುಚಾಟ ಕೇಳಿಬಂದದ್ದು ಅವನು ಮನೆಗೆ ಹೋದ ಮೇಲೆ. ತಿರುಗಿ ಬಂದಾಗ ಅವನೊಬ್ಬನೇ ಇರಲಿಲ್ಲ. ಹೆಂಡತಿ, ಅತ್ತೆ, ಹಾಸಿಗೆಯ ಸುರುಳಿಗಳು, ಒಂದು ಬೆಕ್ಕು.

“ನಮ್ಮ ಬಾಗಿಲು ಎಲ್ಲಿದ್ಯೋ ನಮ್ಮ ಮನೆ ಅಲ್ಲೇ,” ಎಂದು ಒಳಗೆ ನಡೆದ.

“ಬನ್ನಿ ಬನ್ನಿ,” ಎಂದಳು ಬಡಗಿಯ ಹೆಂಡತಿ. “ಈ ಗಾಳಿಯಲ್ಲಿ ಬಾಗಿಲಿಲ್ದೆ ಹೇಗೆ ಮಲಗ್ತೀರಿ? ಅತ್ತಿಗೆ, ನೀವು ಗೋಡೆ ಕಡೆ. ಅಜ್ಜಿ, ನೀವು ಒಲೆ ಹತ್ತಿರ. ರೀ, ಬಾಗಿಲು ಸರಿಯಾಗಿ ಮುಚ್ಚುತ್ತಾ ಹೊರಗಿಂದ ನೋಡಿ.”

ಬಡಗಿ ಹೊರಗೆ ಬಂದು ಎಳೆದು ನೋಡಿದ. ಕೀಲು ಕಿರುಗುಟ್ಟಲಿಲ್ಲ. ಸಂದಿನಲ್ಲಿ ಗಾಳಿ ನುಗ್ಗಲಿಲ್ಲ. ಒಳಗೆ ಚಿಲಕ ತಾನಾಗಿಯೇ ‘ಟಿಕ್’ ಎಂದು ಬಿತ್ತು. ಮದುವೆಯಾದಾಗಿನಿಂದ ಬಾಕಿ ಉಳಿದಿದ್ದ ಕೆಲಸ ಮುಗಿಯಿತು.

ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತ. ಆಮೇಲೆ ಬೆರಳ ಗೆಣ್ಣಿನಿಂದ ಮೆತ್ತಗೆ ತಟ್ಟಿದ. ಆ ಬೀದಿಯಲ್ಲಿ ಬಾಗಿಲು ತಟ್ಟಿದ ಸದ್ದು ಕೇಳಿ ಚಳಿಗಾಲವೊಂದು ಕಳೆದಿತ್ತು.

“ಶ್! ಯಾರದು?” ಹೆಂಡತಿಯ ಪಿಸುದನಿ.

“ನಾನು ಕಣೇ. ಒಳಗೆ ಬರ್ಲಾ?”

ಒಳಗಿಂದ ತೊಟ್ಟಿಲು ತೂಗುವ ಸದ್ದು, ಕ್ಷೌರಿಕನ ಗೊರಕೆ.

“ಕೂಸು ಈಗ ತಾನೇ ಕಣ್ಣು ಮುಚ್ಚಿದೆ ರೀ. ಚಿಲಕ ತೆಗೆದ್ರೆ ಏಳುತ್ತೆ. ಕಾಲಿಡೋಕೆ ಜಾಗಾನೂ ಇಲ್ಲ. ಅಲ್ಲೇ ಕೂತಿರಿ.” ಆಮೇಲೆ, ಇನ್ನೂ ಮೆಲ್ಲಗೆ, ಹಲಗೆಗೆ ತುಟಿ ತಾಗಿಸಿ ಹೇಳಿದ ಹಾಗೆ: “ಬಾಗಿಲು ತುಂಬ ಚೆನ್ನಾಗಿದೆ.”

ಬಡಗಿ ಹಳೆಯ ಕಂಬಳಿ ಹೊದ್ದು, ಸೊನ್ನೆಗೆ ಬೆನ್ನು ಕೊಟ್ಟು ಹೊಸ್ತಿಲಾಚೆ ಕುಳಿತುಕೊಂಡ.