ಕಾಕಾನ ಗುಡಗೇರಿ ಕಾಯ್ದೆ

ನಮ್ಮ ಕಾಕಾನನ್ನು ಚದುರಂಗದಲ್ಲಿ ಸೋಲಿಸಿದವರು ಈವರೆಗೆ ಒಬ್ಬರೂ ಇಲ್ಲ. ಅವನೆದುರು ಕೂತು ಗೆದ್ದವರು ಬೇಕಾದಷ್ಟು ಮಂದಿ ಇದ್ದಾರೆ, ಅದು ಬೇರೆ ಮಾತು. ಆದರೆ ಸೋತೆನೆಂದು ಕಾಕಾ ಒಪ್ಪಬೇಕಲ್ಲ! ರಾಜ ಮೂಲೆಯಲ್ಲಿ ಸಿಕ್ಕಿಬಿದ್ದು, ಎದುರಿನವರು ಗೆದ್ದ ಖುಷಿಯಲ್ಲಿ ಚಹಾ ತರಿಸಿ ಕುಡಿದು ಮುಗಿಸಿದ ಮೇಲೂ ಕಾಕಾ ಚದುರಂಗದ ಹಾಸಿನ ಮೇಲಿಂದ ಕಣ್ಣು ತೆಗೆಯುವುದಿಲ್ಲ.

"ನಿಮ್ಮ ಕಾಯ್ದೇಲೆ ಇದು ಸೋಲು. ಗುಡಗೇರಿ ಕಾಯ್ದೇಲೆ ನೋಡಿದ್ರ ಆಟ ಇನ್ನೂ ನಡದೈತಿ" ಎನ್ನುತ್ತಾನೆ.

ಗುಡಗೇರಿ ಎಂದರೆ ನಮ್ಮೂರು. ಕುಂದಗೋಳ ತಾಲೂಕಿನಲ್ಲಿದೆ, ರೈಲು ನಿಲ್ಲುತ್ತದೆ, ವಾರಕ್ಕೊಮ್ಮೆ ಸಂತೆ ಕೂಡುತ್ತದೆ. ಇಂಥ ಊರಿಗೆ ಚದುರಂಗದಲ್ಲಿ ತನ್ನದೇ ಒಂದು ಕಾಯ್ದೆ ಇದೆ ಎಂದರೆ ನೀವು ನಂಬುತ್ತೀರಾ? ಊರಿನವರೇ ನಂಬುವುದಿಲ್ಲ. ಯಾಕೆಂದರೆ ಈ ಕಾಯ್ದೆ ಗೊತ್ತಿರುವವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ನಮ್ಮ ಕಾಕಾ. ಇನ್ನೊಬ್ಬ ಎಲ್ಲಿದ್ದಾನೋ ದೇವರಿಗೇ ಗೊತ್ತು!

ಆ ಇನ್ನೊಬ್ಬ ನಾಯರ್ ಬಾಬು. ಮೂವತ್ತೆಂಟು ವರ್ಷಗಳ ಹಿಂದೆ ನಮ್ಮ ಸ್ಟೇಶನ್ನಿನಲ್ಲಿ ಟಿಕೀಟು ಕೊಡಲು ಕೇರಳದಿಂದ ಬಂದವನು. ಕಾಕಾ ಆಗ ಕಾಳಿನ ಅಡತಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಮಧ್ಯಾಹ್ನ ಅಂಗಡಿಯಲ್ಲೂ ಗಿರಾಕಿ ಇಲ್ಲ, ಸ್ಟೇಶನ್ನಿನಲ್ಲೂ ಗಾಡಿ ಇಲ್ಲ. ಇಬ್ಬರೂ ಬೇವಿನ ಗಿಡದ ಕೆಳಗೆ ಹಾಸು ಹಾಸಿ ಕೂಡುತ್ತಿದ್ದರು. ನಾಯರ್ ಬಾಬುವಿಗೆ ಕನ್ನಡ ಬಾರದು, ಕಾಕಾನಿಗೆ ಮಲಯಾಳ ಬಾರದು, ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೇ. ಕಾಕಾನ ಹಿಂದಿ ಎಂದರೆ ಕನ್ನಡದ ಕೊನೆಗೆ ಒಂದು 'ಹೈ' ಹಚ್ಚುವುದು, ಅಷ್ಟೇ!

ಮೊದಲ ದಿನವೇ ಜಗಳ ಬಿತ್ತಂತೆ. ನಮ್ಮ ಹಳ್ಳಿಯ ಆಟದಲ್ಲಿ ಪ್ಯಾದೆ, ಅಂದರೆ ಮುಂದಿನ ಸಾಲಿನ ಕಾಲಾಳು, ಯಾವಾಗಲೂ ಒಂದೇ ಮನೆ ನಡೆಯುತ್ತದೆ. ನಾಯರ್ ಬಾಬು ಪುಸ್ತಕದ ಆಟ ಕಲಿತವನು, ಮೊದಲ ಸಲ ಎರಡು ಮನೆ ಎತ್ತಿಟ್ಟ. ಕಾಕಾ ಅದನ್ನು ಹಿಂದಿಟ್ಟ. ಅವನು ಮತ್ತೆ ಮುಂದಿಟ್ಟ. ಮಾತಿಲ್ಲದ ಜಗಳ ಹೀಗೆ ಒಂದು ತಾಸು ನಡೆದು ಕೊನೆಗೆ ಕೈಸನ್ನೆಯಲ್ಲೇ ಒಪ್ಪಂದವಾಯಿತು. ನಾಯರ್ ಬಾಬುವಿನ ಪ್ಯಾದೆ ಎರಡು ಮನೆ ನಡೆಯಬಹುದು. ಅದಕ್ಕೆ ಬದಲಾಗಿ ಕಾಕಾನ ರಾಜ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಜಿಗಿಯಬಹುದು. ನಡುವೆ ಗಾಡಿ ಬಂದರೆ ಆಟ ನಿಲ್ಲಬೇಕು. ಗಾಡಿಯ ಗದ್ದಲದಲ್ಲಿ ಮನಸ್ಸು ಕೆಡುವುದರಿಂದ, ಗಾಡಿ ಹೋದ ಮೇಲೆ ಬೇಕಾದವರು ತಮ್ಮ ಕೊನೆಯ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು! ಇದೇ ಗುಡಗೇರಿ ಕಾಯ್ದೆ. ಈ ಕಾಯ್ದೆಯ ಮೇಲೆ ಇಬ್ಬರೂ ನಾಲ್ಕು ವರ್ಷ ದಿನಾ ಆಡಿದರು.

ಆಮೇಲೆ ನಾಯರ್ ಬಾಬುವಿಗೆ ವರ್ಗವಾಯಿತು. ಹೊರಟ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಕೂಗಿದನಂತೆ: "ನ್ಯಾಷನಲ್ ಮೇ ಮಿಲೇಂಗೆ!" ರಾಷ್ಟ್ರೀಯ ಸ್ಪರ್ಧೆಯಲ್ಲಿ ಭೇಟಿಯಾಗೋಣ ಎಂದು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಚೇಷ್ಟೆ ಎಂದುಕೊಂಡು ನಕ್ಕು ಕೈ ಬೀಸಿ ಮನೆಗೆ ಬರುತ್ತಿದ್ದರು. ನಮ್ಮ ಕಾಕಾ ಅದನ್ನು ಮಾತು ಕೊಟ್ಟದ್ದೆಂದು ಹಿಡಿದುಕೊಂಡ.

"ಅಲ್ಲೋ ಕಾಕಾ, ಅವನ ವಿಳಾಸ ಇಸಗೋಬೇಕಿಲ್ಲೋ?" ಎಂದು ನಾನು ಒಮ್ಮೆ ಕೇಳಿದ್ದೆ.

"ವಿಳಾಸ ಯಾಕ ಬೇಕು? ಎಲ್ಲಿ ಭೇಟಿ ಆಗೂದು ಅಂತ ಹೇಳೇ ಹೋಗ್ಯಾನಲ್ಲ!" ಎಂದ.

ಏನು ಹೇಳುತ್ತೀರಿ ಇಂಥವನಿಗೆ?

ನಾನು ಕುಂದಗೋಳದ ಶಾಲೆಯೊಂದರಲ್ಲಿ ಟೀಚರ್. ಒಂದು ದಿನ ಏಳನೇ ಇಯತ್ತೆಗೆ ಭಿನ್ನರಾಶಿ ಹೇಳುತ್ತಿದ್ದೆ. ಬಾಗಿಲಲ್ಲಿ ಕಾಕಾ! ಏದುಸಿರು, ಕೈಯಲ್ಲಿ ಚಾದಂಗಡಿಯ ಪೇಪರು. ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದುಕೊಂಡು ಸೀಮೆಸುಣ್ಣ ಕೆಳಗಿಟ್ಟೆ.

"ಬಂತು, ತಂಗಿ, ಬಂತು!"

"ಏನ ಬಂತೋ ಕಾಕಾ?"

"ನ್ಯಾಷನಲ್! ಹುಬ್ಬಳ್ಳಿಗೇ ಬಂತು! ಅರವತ್ತೈದು ದಾಟಿದವ್ರು ಯಾರು ಬೇಕಾದ್ರೂ ಆಡಬಹುದಂತ. ಅಂವಗೂ ಅರವತ್ತೈದು ದಾಟಿರಬೇಕು. ಬಂದೇ ಬರ್ತಾನ!"

ಮಕ್ಕಳೆಲ್ಲ ಯಾರೋ ಅಳಿಯ ಬರುತ್ತಾನೆಂದು ತಿಳಿದು ಚಪ್ಪಾಳೆ ತಟ್ಟಿದರು. ಭಿನ್ನರಾಶಿ ಅಲ್ಲಿಗೇ ಉಳಿಯಿತು.

ಅರ್ಜಿಯನ್ನು ಮೊಬೈಲಿನಲ್ಲಿ ತುಂಬುವ ಕೆಲಸ ನನ್ನ ಕೊರಳಿಗೆ ಬಿತ್ತು. ಹೆಸರು, ವಯಸ್ಸು ಸರಿಹೋದವು. ಮುಂದೆ ನಿಮ್ಮ ರೇಟಿಂಗ್ ಎಷ್ಟು ಎಂದು ಕೇಳಿತ್ತು. ಯಾರ‍್ಯಾರು ಎಷ್ಟೆಷ್ಟು ಗಟ್ಟಿ ಎಂದು ತೋರಿಸುವ ಅಂಕಿ ಅದು ಎಂದು ವಿವರಿಸಿದೆ.

"ಗುಡಗೇರ್ಯಾಗ ಒಂದನೇ ನಂಬರ್ ಅಂತ ಬರಿ" ಎಂದ ಕಾಕಾ.

"ಅದಕ್ಕ ಸಾಕ್ಷಿ ಏನು?"

"ಎರಡನೇ ನಂಬರಿನಾಂವನ್ನ ಕರಸ್ಲೇನು?"

ಎರಡನೇ ನಂಬರಿನವರು ಎಂದರೆ ಸಂತೆಪೇಟೆಯ ಟೇಲರ್ ಚಾಚಾ. ಕಾಕಾನ ಓರಗೆಯವರು, ಹೊಲಿಗೆ ಯಂತ್ರದ ಮುಂದೆಯೇ ಮುದುಕರಾದವರು. ರೇಟಿಂಗ್ ಜಾಗ ಖಾಲಿ ಬಿಟ್ಟು ಅರ್ಜಿ ಕಳಿಸಿದ್ದಾಯಿತು. ಇನ್ನು ತಯಾರಿ! ಪುಸ್ತಕದ ಕಾಯ್ದೆಯಲ್ಲಿ ಮುಟ್ಟಿದ ಕಾಯನ್ನು ನಡೆಸಲೇಬೇಕು, ಬಾಯಿ ಬಿಡಬಾರದು, ಗಡಿಯಾರ ನೋಡಿ ಆಡಬೇಕು. ನಾನು ಅದನ್ನೆಲ್ಲ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಚಾಚಾನ ಅಂಗಡಿಯ ಗೋಡೆಗೆ ಹಚ್ಚಿದೆ. ದಿನಾ ಸಂಜೆ ಇಬ್ಬರಿಗೂ ಅಭ್ಯಾಸ.

ಬಾಯಿ ಬಿಡದೆ ಆಡುವುದು ನಮ್ಮ ಕಡೆಯವರಿಗೆ ಸಾಧ್ಯವೇ? ನಮ್ಮಲ್ಲಿ ಒಂದು ಆಟವನ್ನು ಕನಿಷ್ಠ ಆರು ಮಂದಿ ಆಡುತ್ತಾರೆ. ಇಬ್ಬರು ಕೂತು, ನಾಲ್ವರು ನಿಂತು! ಮೊದಲ ಸಂಜೆ ಬಾಯಿಗೆ ಬೀಗ ಹಾಕಿಕೊಂಡ ಕಾಕಾ ಹತ್ತು ನಿಮಿಷದಲ್ಲಿ ಬೆವತುಹೋದ. ಗಡಿಯಾರದ ಗತಿಯೂ ಅಷ್ಟೆ. ಮನೆಯ ಅಲಾರಂ ತಂದು ಇಟ್ಟುಕೊಂಡರೆ, ಅದು ಬಾರಿಸಿದ ಕೂಡಲೇ ಕಾಕಾ ಎದ್ದು ಮುಖ ತೊಳೆಯಲು ಹೋಗಿಬಿಟ್ಟ.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ರೈಲಿನದು. ಮೂರನೇ ಸಂಜೆ ಆಟ ರಂಗೇರಿತ್ತು. ಚಾಚಾ ಕಾಕಾನ ವಜೀರನನ್ನು ಹೊಡೆಯಲು ಕೈ ಎತ್ತಿದ್ದರು. ಅಷ್ಟರಲ್ಲಿ ಸ್ಟೇಶನ್ ಕಡೆಯಿಂದ ಕೂಕ್ ಎಂದಿತು. ಕಾಕಾ ಸಾವಕಾಶ ತನ್ನ ವಜೀರನನ್ನು ಎತ್ತಿ ಹಿಂದಿನ ಮನೆಯಲ್ಲಿ ಇಟ್ಟುಕೊಂಡ.

"ಲೇ ದೋಸ್ತ, ಇದೇನಲೇ?" ಚಾಚಾ ಕಣ್ಣು ಅಗಲ ಮಾಡಿದರು.

"ಗಾಡಿ ಬಂತಲ್ಲೋ!"

"ಗಾಡಿ ಬಂದ್ರ ಏನಾತು? ಹುಬ್ಬಳ್ಳ್ಯಾಗ ದಿನಕ್ಕ ಎಷ್ಟು ಗಾಡಿ ಬರ್ತಾವ ಗೊತ್ತೈತೇನು? ನಿನ್ನ ಆಟ ಮುಗಿಯೂದರಾಗ ಮುಂದಿನ ವರ್ಷದ ನ್ಯಾಷನಲ್ ಬರ್ತೈತಿ!"

ಕಾಕಾ ನಗಲಿಲ್ಲ. "ಅಂವ ಇದ್ರ ತಾನೂ ಹಿಂದಕ್ಕ ಇಟಗೋತಿದ್ದ" ಎಂದ ಮೆಲ್ಲಗೆ. ಚಾಚಾ ವಜೀರನನ್ನು ಅಲ್ಲಿಗೇ ಬಿಟ್ಟು ಬೇರೆ ಕಾಯಿ ನಡೆಸಿದರು.

ಮನೆಯಲ್ಲಿ ಕಾಕಾನ ಹೆಂಡತಿ ಕಾಕುವಿಗೆ ಬೇರೆಯೇ ಸೋಜಿಗ. ಹೊಸ ಅಂಗಿ ಹೊಲಿಸಿದ್ದಾಯಿತು, ಚಸ್ಮಾ ಬದಲಿಸಿದ್ದಾಯಿತು, ಹದಿನೈದು ದಿನದಲ್ಲಿ ಎರಡು ಸಲ ಗಡ್ಡದ ಕ್ಷೌರ! "ನನ್ನ ನೋಡಾಕ ಬಂದಾಗೂ ಇಷ್ಟು ಸಿಂಗಾರ ಮಾಡ್ಕೊಂಡಿದ್ದಿಲ್ಲ ನಿಮ್ಮ ಕಾಕಾ" ಎಂದು ಕಾಕು ರೊಟ್ಟಿ ಬಡಿಯುತ್ತ ನನಗೆ ಹೇಳಿದಳು. ಕಾಕಾ ಕನ್ನಡಿಯ ಮುಂದಿನಿಂದ ಕೇಳಿದ:

"ತಲ್ಯಾಗ ಒಂದು ಕೂದ್ಲಾ ಉಳದಿಲ್ಲ. ಅಂವ ನನ್ನ ಗುರ್ತು ಹಿಡೀತಾನಂತಿಯೇನು?"

"ಅವ್ರಿಗರೆ ಉಳದಿರ್ತಾವೇನ್ರಿ? ಇಬ್ರೂ ಬಕ್ಕತಲಿಯವ್ರು ಒಬ್ಬರನ್ನೊಬ್ರು ಹುಡಕ್ಯಾಡ್ರಿ!"

ಸ್ಪರ್ಧೆಗೆ ಹೆಸರು ಕೊಟ್ಟವರ ಪಟ್ಟಿ ದಿನಾ ಮೊಬೈಲಿನಲ್ಲಿ ಬೆಳೆಯುತ್ತಿತ್ತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಕಾಕಾ ತನ್ನ ಮನೆಯ ಕಟ್ಟೆಯ ಮೇಲೆ ಕಾಯುತ್ತಿರುತ್ತಿದ್ದ. ಕಾಲು ತೊಳೆಯಲೂ ಬಿಡುತ್ತಿರಲಿಲ್ಲ. "ಇವತ್ತು ಯಾರ‍್ಯಾರು ಬಂದ್ರು? ಓದು." ನಾನು ಓದುತ್ತಿದ್ದೆ. ಬಂಗಾಲದ ಬ್ಯಾನರ್ಜಿ, ತಮಿಳುನಾಡಿನ ಸುಬ್ರಮಣ್ಯನ್, ಪುಣೆಯ ಕುಲಕರ್ಣಿ. ಕಾಕಾನಿಗೆ ಇವರಾರೂ ಬೇಕಾಗಿರಲಿಲ್ಲ. ಇವರೊಳಗೆ ಎಂಥೆಂಥ ಹುಲಿಗಳಿದ್ದರೋ! ಅವರನ್ನೆಲ್ಲ ಕಾಕಾ ಸಂತೆಯಲ್ಲಿ ಹುಳುಕು ಬದನೆಕಾಯಿ ಸರಿಸಿದಂತೆ ಸರಿಸಿಬಿಡುತ್ತಿದ್ದ. "ಮುಂದ ಓದು."

ಒಂದು ಸಂಜೆ ಪಟ್ಟಿಯಲ್ಲಿ ನಾಯರ್ ಬಂದೇಬಿಟ್ಟ! ಕೇರಳ, ವಯಸ್ಸೂ ಸರಿಹೋಗುತ್ತಿತ್ತು. ಕಾಕಾ ಕಟ್ಟೆಯಿಂದ ಹಾರಿದ ರಭಸಕ್ಕೆ ಕಟ್ಟೆಯ ಕೆಳಗಿನ ಕೋಳಿಗಳು ಕಂಗಾಲಾದವು. ನಾನು ಸಂಘಟಕರಿಗೆ ಫೋನ್ ಮಾಡಿ ವಿಷಯ ಹೇಳಿ ನನ್ನ ನಂಬರು ಕೊಟ್ಟೆ. ಮರುದಿನ ಆ ನಾಯರ್ ತಾವಾಗಿಯೇ ಫೋನ್ ಮಾಡಿದರು. ಕಾಕಾ ನನ್ನ ಕೈಯಿಂದ ಕಸಿದುಕೊಂಡ. ನೀವು ಯಾರು, ಏನು, ಒಂದೂ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ರಾಜಾ ಕಿತನಾ ಬಾರ ಜಿಗೀತಾ ಹೈ?"

ಆ ಕಡೆಯವರು ಗಾಬರಿಯಾಗಿ, ರಾಜ ಎಲ್ಲಾದರೂ ಜಿಗಿಯುತ್ತಾನೆಯೇ, ನಾನು ನೌಕಾದಳದಲ್ಲಿದ್ದವನು, ನಿಮಗೆ ಯಾರು ಬೇಕು ಎಂದರು. ಕಾಕಾ ಫೋನನ್ನು ನನಗೆ ಮರಳಿ ಕೊಟ್ಟ. "ಇಂವ ಅಲ್ಲ."

ಆ ರಾತ್ರಿ ಅವನು ಊಟಕ್ಕೆ ಏಳಲಿಲ್ಲ ಎಂದು ಕಾಕು ಮರುದಿನ ಹೇಳಿದಳು. ಒಂದು ತಿಂಗಳಿಂದ ಈ ಮನುಷ್ಯನ ಕತೆಗಳನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆನಲ್ಲ, ಅವತ್ತು ನನಗೆ ಹೇಳುವ ಮನಸ್ಸಾಗಲಿಲ್ಲ.

ಹೆಸರು ಕೊಡುವ ಕೊನೆಯ ದಿನ ಸಂಜೆ ಐದು ಗಂಟೆಗೆ ಪಟ್ಟಿ ಮುಚ್ಚಿತು. ಕಾಕಾ ಹೊಸ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಇಂಗ್ಲಿಷ್ ಓದಲು ಬಾರದಿದ್ದರೂ ಚಸ್ಮಾ ಏರಿಸಿಕೊಂಡು ನನ್ನ ಬಾಜು ಬಗ್ಗಿದ. ನಾನು ಮೊದಲಿನಿಂದ ಓದಿದೆ. ಮುಗಿಯಿತು.

"ಇಲ್ಲ ಕಾಕಾ."

"ತೆಳಗಿಂದ ಮ್ಯಾಲ ಓದು."

ಕೆಳಗಿನಿಂದ ಮೇಲಕ್ಕೆ ಓದಿದೆ. ಇರಲಿಲ್ಲ. ಚಹಾ ತಂದ ಕಾಕು ಬಾಗಿಲಲ್ಲೇ ನಿಂತಳು. ಏನಾದರೂ ಹೇಳಬೇಕೆಂದು ನಾನು ಹೇಳಿದೆ:

"ಹಂಗಾರ ನಿನ್ನ ಹೆಸರು ತಗಸಿಬಿಡೂಣೇನು? ಈ ವಯಸ್ಸಿನ್ಯಾಗ ಗುರ್ತಿಲ್ಲದವ್ರ ಮುಂದ ಹೋಗಿ ಕುಂತು ಯಾಕ ಸೋಲ್ತಿ?"

ಸೋಲು ಎಂಬ ಮಾತನ್ನು ಅವನೆದುರು ಹೀಗೆ ಆಡಿದವರು ಅದಕ್ಕೂ ಮೊದಲು ಬೈಸಿಕೊಳ್ಳದೆ ಹೋಗಿರಲಿಲ್ಲ. ಕಾಕಾ ಬೈಯಲಿಲ್ಲ.

"ತಗಸಬ್ಯಾಡ" ಎಂದ. "ಅಂವಗ ಬರಾಕಾಗಿಲ್ಲ. ಮಣಕಾಲು ಹಿಡದಿರಬೇಕು, ಮನ್ಯಾಗ ಬಿಟ್ಟಿರಾಕಿಲ್ಲ. ಆದ್ರ ಅಂವನೂ ಯಾರದರೆ ಬೆನ್ನು ಹತ್ತಿ ದಿನಾ ಈ ಪಟ್ಟಿ ಓದಸ್ತಿರ್ತಾನ, ತಂಗಿ, ನಾ ನಿನ್ನ ಬೆನ್ನು ಹತ್ತೀನಲ್ಲ, ಹಂಗ. ಅಂವ ಓದಿಸಿದಾಗ ನಾನರೆ ಅದರಾಗ ಇರಬೇಕೋ ಬ್ಯಾಡೋ?"

ಅವನು ಬೆರಳಿನಿಂದ ಮೊಬೈಲು ತೋರಿಸಿದ.

"ನನ್ನ ಹೆಸರಿನ ಬಾಜೂಕ ಗುಡಗೇರಿ ಅಂತ ಐತೋ ಇಲ್ಲೋ ನೋಡು. ನನ್ನ ಹೆಸರಿನವ್ರು ಸಾವಿರ ಮಂದಿ ಅದಾರ. ಊರು ಇಲ್ಲಂದ್ರ ಅಂವಗ ಹ್ಯಾಂಗ ಗೊತ್ತಾಗಬೇಕು, ನಾ ಬಂದೀನಿ ಅಂತ?"

ಪಟ್ಟಿಯಲ್ಲಿ ಬರೀ ಕರ್ನಾಟಕ ಎಂದಿತ್ತು. ನಾನು ಎದ್ದು ಅಂಗಳದ ಆ ತುದಿಗೆ ಹೋಗಿ ಸಂಘಟಕರಿಗೆ ಫೋನ್ ಹಚ್ಚಿದೆ. ಹೆಸರಿನ ಮುಂದೆ ಗುಡಗೇರಿ ಎಂದು ಸೇರಿಸಿರಿ, ದಯಮಾಡಿ ಇವತ್ತೇ ಸೇರಿಸಿರಿ ಎಂದೆ.

"ಪಟ್ಟಿ ಮುಚ್ಚೇತ್ರಿ ಟೀಚರ್. ಊರಿನ ಹೆಸರು ಅಷ್ಟು ಮುಖ್ಯ ಐತೇನ್ರಿ?" ಎಂದರು ಆ ಕಡೆಯವರು.

"ಹೌದ್ರಿ" ಎಂದೆ. ಮುಂದೆ ಏನೋ ಹೇಳಹೋದೆ, ಅಳು ಬಂದುಬಿಟ್ಟಿತು.