ಊರಿಗೆ ಸೇವೆ ಮಾಡಹೋದ ವರ್ಷ

ಉಪಕಾರ ಮಾಡುವ ಚಟ ಒಮ್ಮೆ ಹತ್ತಿತೆಂದರೆ ಅದು ತಂಬಾಕಿಗಿಂತ ಕೆಟ್ಟದ್ದು. ತಂಬಾಕು ಬಿಡಿಸಲು ಡಾಕ್ಟರರಿದ್ದಾರೆ. ಉಪಕಾರ ಬಿಡಿಸಲು ಹೆಂಡತಿ ಒಬ್ಬಳೇ. ನನಗೆ ಈ ಚಟ ಹತ್ತಿದ್ದು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ. ಜನ್ಮವಿಡೀ ಮಕ್ಕಳಿಗೆ ‘ಕೂಡ್ರಿ, ಏಳ್ರಿ’ ಎಂದವನ ಮಾತು ಕೇಳಲು ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಅದೇ ಹೊತ್ತಿಗೆ ನಮ್ಮೂರ ಚರ್ಚಿನ ಸೇವಾ ಸಮಿತಿಗೆ ಒಬ್ಬ ಸಂಚಾಲಕ ಬೇಕಾಗಿದ್ದ. ಸಭೆಯಲ್ಲಿ ಕೈ ಎತ್ತಿದವನು ನಾನೊಬ್ಬನೇ. ಬೆನ್ನು ತುರಿಸಿಕೊಳ್ಳಲು ಎತ್ತಿದ್ದೆ ಎಂದು ನನ್ನ ಹೆಂಡತಿ ರೂತವ್ವ ಈಗಲೂ ಎಲ್ಲರ ಮುಂದೆ ಹೇಳುತ್ತಾಳೆ.

ನಮ್ಮದು ಲೋಕಾಪುರ ರಸ್ತೆಯ ಮಗ್ಗುಲಿನ ಸಣ್ಣ ಊರು. ಸುತ್ತ ಕಬ್ಬು, ಊರ ಅಂಚಿಗೆ ಹೆಂಚಿನ ಚರ್ಚು. ಕ್ರೈಸ್ತರ ಮನೆಗಳೆಲ್ಲ ಒಂದೇ ಓಣಿಯಲ್ಲಿ ಮುಗಿದುಹೋಗುತ್ತವೆ. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಭಾನುವಾರದ ಆರಾಧನೆ ಎಷ್ಟು ಹೊತ್ತಿಗೆ ಎಂಬುದನ್ನು ಪಾಸ್ಟರು ಹೇಳುವುದಿಲ್ಲ, ಕಾರ್ಖಾನೆಯ ಲಾರಿ ಹೇಳುತ್ತದೆ. ಲಾರಿ ತುಂಬಿದ ಮೇಲೆ ಕೈಕಾಲು ತೊಳೆದುಕೊಂಡು ಬಂದವರು ಹಾಡಲು ನಿಲ್ಲುತ್ತಾರೆ, ಪಾಸ್ಟರ ಪ್ರಸಂಗ ಶುರುವಾದೊಡನೆ ತೂಕಡಿಸುತ್ತಾರೆ. ಇಂಥ ಸಭೆಗೆ ವರ್ಷದ ಆರಂಭದಲ್ಲೇ ಒಂದು ಗಂಡಾಂತರ ಬಂತು. ಹತ್ತಾರು ಚರ್ಚುಗಳ ಮೇಲ್ವಿಚಾರಣೆ ನೋಡುವ ವಲಯದ ಅಧ್ಯಕ್ಷರು ಬಂದು ಖಡಾಖಂಡಿತವಾಗಿ ಹೇಳಿದರು: “ಮಾಸ್ತರ, ಬರೇ ಹಾಡು ಹೇಳಿದ್ರ ಸಾಲೂದಿಲ್ಲ. ನಿಮ್ಮಿಂದ ಊರಿಗೆ ಏನ್ ಸೇವಾ ಆಗೇದ ತೋರಸ್ರಿ. ಇಲ್ಲಂದ್ರ ಪಾಸ್ಟರ್ನ ಮುಧೋಳಕ್ಕ ಕಳಸ್ತೀವಿ. ನಿಮಗ ತಿಂಗಳಿಗೊಂದು ಆರಾಧನಿ ಸಾಕು.”

ನಮ್ಮ ಪಾಸ್ಟರು ಮಂಗಳೂರು ಕಡೆಯ ತರುಣ. ರೊಟ್ಟಿ ಮುರಿಯಲು ಎರಡೂ ಕೈ ಬಳಸುತ್ತಾರೆ ಎಂಬುದನ್ನು ಬಿಟ್ಟರೆ ಬಂಗಾರದಂಥ ಮನುಷ್ಯ. ಅವರು ಬರುವ ಮೊದಲು ನಮ್ಮಲ್ಲಿ ಪಾಸ್ಟರೇ ಇರಲಿಲ್ಲ. ನನ್ನ ಅವ್ವ ತೀರಿಕೊಂಡಾಗ ಮಣ್ಣು ಕೊಡಲು ಜಮಖಂಡಿಯಿಂದ ಪಾಸ್ಟರು ಬಂದು ಮುಟ್ಟುವುದರೊಳಗೆ ಹೊತ್ತು ಮುಳುಗಿತ್ತು. ಅವ್ವನ ಪೆಟ್ಟಿಗೆಯ ಪಕ್ಕ ಕೂತು ರಸ್ತೆ ನೋಡಿದ ಆ ಸಂಕಟ ನಮ್ಮ ಓಣಿಯಲ್ಲಿ ಇನ್ನೊಬ್ಬರಿಗೆ ಬರಬಾರದು ಎಂದು ನನಗೆ ನಿಜವಾಗಿಯೂ ಅನಿಸಿತು. ಆದ್ದರಿಂದ ಊರಿನ ಮೇಲೆ ಸೇವೆಗೆ ಬಿದ್ದೆ.

ಮೊದಲು ಶುಭ ಶುಕ್ರವಾರದ ಮಜ್ಜಿಗೆ. ಬಿಸಿಲಲ್ಲಿ ಹೋಗಿಬರುವವರಿಗೆಲ್ಲ ಕೊಡುವುದೆಂದು ಚರ್ಚಿನ ಮುಂದೆ ಮಣ್ಣಿನ ಹರವಿ ತುಂಬ ಮಜ್ಜಿಗೆ ಇಟ್ಟು ಕೂತೆ. ಎದುರು ಮನೆಯ ಪಾರ್ವತೆವ್ವ ಬಂದು ಒಂದು ಗುಟುಕು ಕುಡಿದಳು. ಹಣೆಯ ತುಂಬ ವಿಭೂತಿಯ, ಹಟ್ಟಿಯ ತುಂಬ ಎಮ್ಮೆಯ ಹಿರಿಯಳು ಆಕೆ. “ಏನ್ರಿ ಮಾಸ್ತರ, ಇದಕ್ಕ ಮಜ್ಜಿಗಿ ಅಂತಾರೇನ್ರಿ?” ಎಂದವಳೇ ಮನೆಗೆ ಹೋಗಿ ಕೊಡಗಟ್ಟಲೆ ಮಜ್ಜಿಗೆ ತಂದಳು, ಹಸಿಶುಂಠಿ, ಕರಿಬೇವು ಸಮೇತ. ಮೂರು ತಾಸಿನ ಆರಾಧನೆ ಮುಗಿಸಿ ಬಾಯಾರಿ ಹೊರಬಂದ ನಮ್ಮವರನ್ನೆಲ್ಲ ಸಾಲಾಗಿ ನಿಲ್ಲಿಸಿ, “ಪಾಪ, ಮುಂಜಾನಿಂದ ಉಪಾಸ ಅದಾರ,” ಎಂದು ಕುಡಿಸಿದಳು. ನಾನೂ ಎರಡು ಲೋಟ ಕುಡಿದೆ.

ಮುಂದೆ ಕಣ್ಣಿನ ಶಿಬಿರ. ಡಾಕ್ಟರರು ಬಂದರು, ಊರವರು ಬರಲಿಲ್ಲ. ಹಿಂದಿನ ತಿಂಗಳಷ್ಟೇ ಯಾರೋ ಇನ್ನೊಂದು ಶಿಬಿರ ಮಾಡಿ ಎಲ್ಲರಿಗೂ ಚಾಳೀಸು ಕೊಟ್ಟು ಹೋಗಿದ್ದರಂತೆ. ಬಂದ ಡಾಕ್ಟರರು ಸುಮ್ಮನೆ ಕೂಡಬಾರದೆಂದು ನಾನೇ ಕುರ್ಚಿಯಲ್ಲಿ ಕೂತೆ. ಪೊರೆ ಬಂದಿದೆ ಎಂದರು. ಪಾರ್ವತೆವ್ವನ ಮಗ ತನ್ನ ಜೀಪಿನಲ್ಲಿ ನನ್ನನ್ನು ಬಾಗಲಕೋಟೆಗೆ ಕರೆದೊಯ್ದು ಆಪರೇಷನ್ ಮಾಡಿಸಿ ಕರೆತಂದ. ಆಮೇಲೆ ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿದ ಸೇವಾ ಸಮಿತಿಯ ಸಂಚಾಲಕನನ್ನು ನೋಡಲು ಇಡೀ ಊರು ಬಾಳೆಹಣ್ಣು ಹಿಡಿದು ಬಂತು. ಸುಗ್ಗಿ ಹಬ್ಬದಲ್ಲೂ ಅಷ್ಟೇ, ಚರ್ಚಿನ ಪೀಠದ ಮುಂದೆ ಇಟ್ಟ ಜೋಳದ ತೆನೆ, ಕುಂಬಳಕಾಯಿಗಳಲ್ಲಿ ಅರ್ಧಕ್ಕರ್ಧ ನಮ್ಮವರದಲ್ಲ, ಊರವರು ತಂದಿಟ್ಟದ್ದು.

ಉಳಿದದ್ದು ಕ್ರಿಸ್ಮಸ್ ಒಂದೇ. ಹಬ್ಬದ ಮರುವಾರವೇ ಅಧ್ಯಕ್ಷರು ಬರುವವರಿದ್ದರು. ಪ್ರತಿವರ್ಷ ನಾವು ಹಬ್ಬದ ಹಿಂದಿನ ದಿನ ಕರ್ಚಿಕಾಯಿ, ಚಕ್ಕುಲಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಊರಿಗೆಲ್ಲ ಹಂಚುತ್ತೇವೆ. ಆದರೆ ನಮ್ಮ ಕಡೆ ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿ ಇಲ್ಲ. ಎಳ್ಳಮವಾಸ್ಯೆಯೂ ಅದೇ ಆಸುಪಾಸಿಗೆ ಬರುವುದರಿಂದ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಕಡುಬು ತುಂಬಿಕೊಂಡು ಡಬ್ಬಿಗಳು ವಾಪಸಾಗುತ್ತವೆ. ಕೊಟ್ಟದ್ದಕ್ಕಿಂತ ಬಂದದ್ದೇ ಹೆಚ್ಚು. ಇದನ್ನು ಸೇವೆ ಎಂದು ಅಧ್ಯಕ್ಷರಿಗೆ ಯಾವ ಬಾಯಿಂದ ಹೇಳಲಿ? ಬಹಳ ತಲೆ ಓಡಿಸಿ ಈ ಸಲ ಡಬ್ಬಿಯ ಬದಲು ಕಾಗದದ ತಟ್ಟೆಯಲ್ಲಿ ಹಂಚಿಸಿದೆ. ತಟ್ಟೆ ಬಿಸಾಡುತ್ತಾರೆ, ತುಂಬಿಕೊಡುವ ಮಾತೇ ಇಲ್ಲ. ರೂತವ್ವ ಬೇಡವೆಂದಳು. ನಾನು ಕೇಳಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಆರಾಧನೆಗೆ ನಿಂತು ಹಿಂದೆ ತಿರುಗಿ ನೋಡಿದೆ. ಪ್ರತಿವರ್ಷ ಪಾರ್ವತೆವ್ವ ಮತ್ತು ಊರ ಹೆಂಗಸರು ಬಂದು ಕೂಡುವ ಕೊನೆಯ ಬೆಂಚುಗಳು ಬರಿದಾಗಿದ್ದವು. ಮರುದಿನ ಕಟ್ಟೆಯ ಮೇಲೆ ಕೂತವರು ನನ್ನನ್ನು ಕಂಡು ಆಕಾಶ ನೋಡತೊಡಗಿದರು. ಪಾಸ್ಟರು ಗಾಬರಿಯಾಗಿ, “ಏನು ಮಾಸ್ಟ್ರೇ, ಊರಲ್ಲಿ ಯಾರಾದರೂ ಹೋಗಿಬಿಟ್ಟರಾ?” ಎಂದು ಕೇಳಿದರು. ಹೋಗುವವರು ನೀವೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ರೂತವ್ವನೇ ವಿಷಯ ತಿಳಿದುಕೊಂಡು ಬಂದಳು. “ಡಬ್ಬಿ ಕೊಡಲಾರದಷ್ಟು ದೂರಿನವರಾದ್ವೇನು ಅಂತ ಪಾರ್ವತೆವ್ವ ಕಣ್ಣೀರು ತಗದ್ಳು. ಪಾಸ್ಟರ್ನ ಒಯ್ಯೂ ಸುದ್ದಿ ಎಲ್ಲಾ ಆಕಿಗೆ ಹೇಳಿ ಬಂದೀನಿ. ನಿಮ್ಮ ಶ್ಯಾಣ್ಯಾತನಕ್ಕ ಬೆಂಕಿ ಹಚ್ಚ,” ಎಂದಳು. ಕ್ಷಮೆ ಕೇಳಿ ಬರುತ್ತೇನೆಂದು ಅಂಗಿ ತೊಟ್ಟೆ. “ಕ್ಷಮಾ ಗಿಮಾ ಏನೂ ಬ್ಯಾಡ. ಮನ್ಯಾಗ ಹೆಪ್ಪಿಲ್ಲ, ಹೋಗಿ ಒಂದೀಟು ಇಸ್ಕೊಂಡು ಬರ್ರಿ,” ಎಂದು ಕೈಗೆ ಖಾಲಿ ಬಟ್ಟಲು ಕೊಟ್ಟಳು. ಮನೆಯಲ್ಲಿ ಹೆಪ್ಪಿಗೆ ಬೇಕಾದಷ್ಟು ಮೊಸರು ಇದ್ದದ್ದು ನನಗೆ ಗೊತ್ತಿತ್ತು. ಬಟ್ಟಲು ಹಿಡಿದು ಹೊರಟೆ.

ಅದು ಭಾನುವಾರ. ಪಾರ್ವತೆವ್ವನ ಬಾಗಿಲಲ್ಲಿ ಬಟ್ಟಲು ಚಾಚಿ, “ಒಂದೀಟು ಹೆಪ್ಪು ಬೇಕಾಗಿತ್ತವ್ವ,” ಎಂದು ನಿಂತಿದ್ದೇನೆ, ಬೆನ್ನ ಹಿಂದೆ ಕಾರು ನಿಂತ ಸದ್ದಾಯಿತು. ಅಧ್ಯಕ್ಷರು! ಅವರು ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು. ಪಾರ್ವತೆವ್ವ ಮಾತ್ರ ಮುಖ ಅರಳಿಸಿ, ಬಟ್ಟಲು ಕಸಿದುಕೊಂಡು ಒಳಗೆ ಹೋಗಿ, ಹೆಪ್ಪು ಕೇಳಿದವನಿಗೆ ಗಡಿಗೆ ತುಂಬ ಮೊಸರು ತಂದಿಟ್ಟಳು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು.

“ನೀವೇನ್ರಿ ನಮ್ಮ ಪಾಸ್ಟರ್ನ ಒಯ್ಯಾವ್ರು? ಒಯ್ಯಬ್ಯಾಡ್ರಿ ಸಾಹೇಬ್ರ. ಇಷ್ಟ ದಿನ ಈ ಮಂದೀನ ನಾವು ನೋಡ್ಕೊಂಡೀವಿ, ಖರೆ. ಆದ್ರ ನಮಗ ಒಬ್ಬರಿಗೇ ಆಗೂದಿಲ್ರಿ.”

ಅಧ್ಯಕ್ಷರು ಗಡಿಗೆಯನ್ನೊಮ್ಮೆ ನೋಡಿ ಚರ್ಚಿಗೆ ನಡೆದರು. ಆ ದಿನ ಕೊನೆಯ ಬೆಂಚುಗಳಲ್ಲಿ ಜಾಗ ಸಾಲದೆ ಹೆಂಗಸರು ನೆಲಕ್ಕೆ ಕೂತಿದ್ದರು. ಆರಾಧನೆ ಮುಗಿದ ಮೇಲೆ ಅಧ್ಯಕ್ಷರು ಎದ್ದು, ಪಾಸ್ಟರು ಇಲ್ಲೇ ಇರುತ್ತಾರೆಂದು ಸಾರಿದರು. ನನಗೆ ಕಣ್ಣು ತುಂಬಿ ಬಂತು, ಆಪರೇಷನ್ ಆದ ಕಣ್ಣೂ ಸೇರಿ. ಆದರೂ ಮಾನವಂತನಾದವನು ಜಾಗ ಬಿಡಬೇಕಲ್ಲ. ಹೊರಗೆ ಬಂದಾಗ ಅವರ ಹತ್ತಿರ ಹೋಗಿ, ವರ್ಷವಿಡೀ ನನ್ನಿಂದ ಒಂದು ಸೇವೆಯೂ ನೆಟ್ಟಗಾಗಲಿಲ್ಲ, ಸಂಚಾಲಕನ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿ ಎಂದು ಕೈಮುಗಿದೆ.

“ಛೇ, ಛೇ, ಬಿಡಬ್ಯಾಡ್ರಿ ಮಾಸ್ತರ,” ಎಂದರು ಅಧ್ಯಕ್ಷರು, ನನ್ನ ಹೆಗಲ ಮೇಲೆ ಕೈಯಿಟ್ಟು. “ನೀವ ಬಿಟ್ರ ಊರ ಮಂದಿ ಸೇವಾ ಯಾರಿಗೆ ಮಾಡಬೇಕು?”